ಮೆಟ್ಟಿಲು ನೋಡಿದ್ದಕ್ಕೂ ಕೂಲಿ ಕೊಡಿ

ಗುತ್ತಿಗೆದಾರ ಬೈಕ್ ನಿಲ್ಲಿಸಿ, ಚಪ್ಪಲಿ ಬಿಟ್ಟು, ಹಜಾರ ದಾಟಿ ಮರದ ಮೆಟ್ಟಿಲು ಹತ್ತುತ್ತಾನೆ. ಮೂರನೆಯ ಮೆಟ್ಟಿಲು ಕಿರ್ರೆನ್ನುತ್ತದೆ, ಏಳನೆಯದು ಕಾಲಿಟ್ಟ ಕಡೆ ತುಸು ತಗ್ಗುತ್ತದೆ. ಮೇಲೆ ಹೋಗಿ ಕಟಕಟೆಯನ್ನು ಒಮ್ಮೆ ಅಲ್ಲಾಡಿಸಿ, ಇಳಿದು ಬಂದು, ಕೊಟ್ಟ ಕಾಫಿ ಮುಗಿಸುತ್ತಾನೆ. ‘ಎಲ್ಲಾ ಸೇರಿ ಇಷ್ಟಾಗುತ್ತೆ ಸಾರ್, ಕನ್ನಡಿ ಥರ ಹೊಳಿಯೋ ಹಂಗೆ ಮಾಡ್ಕೊಡ್ತೀನಿ’ ಎನ್ನುತ್ತಾನೆ. ಮನೆಯವರು ಒಂದಿಷ್ಟು ಚೌಕಾಸಿ ಮಾಡಿ, ಅರ್ಧ ದುಡ್ಡು ಅಡ್ವಾನ್ಸ್ ಕೊಟ್ಟು, ‘ಮದುವೆಗೆ ಹದಿನೈದೇ ದಿನ ಇರೋದು’ ಎಂದು ಅವಸರಪಡಿಸುತ್ತಾರೆ. ಮೂರು ತಲೆಮಾರು ಹತ್ತಿಳಿದ ಮೆಟ್ಟಿಲಿನ ಹಣೆಬರಹ ಹತ್ತು ನಿಮಿಷದಲ್ಲಿ ತೀರ್ಮಾನವಾಗಿಹೋಗುತ್ತದೆ.

ಕೃಷ್ಣರಾಜನಗರದ ಹಳೆಯ ಬೀದಿಗಳಲ್ಲಿ, ಹುಣಸೂರು ಪಿರಿಯಾಪಟ್ಟಣದ ತೊಟ್ಟಿ ಮನೆಗಳಲ್ಲಿ, ಹೆಗ್ಗಡದೇವನಕೋಟೆಯ ಊರೊಳಗಿನ ಉಪ್ಪರಿಗೆ ಮನೆಗಳಲ್ಲಿ ಇದು ಮತ್ತೆ ಮತ್ತೆ ನಡೆಯುವ ವ್ಯವಹಾರ. ಇದರಲ್ಲಿ ಮೋಸ ಎಲ್ಲಿದೆ ಎಂದು ಕೇಳಿದರೆ ಎಲ್ಲರೂ ಗುತ್ತಿಗೆದಾರನ ಕಡೆ ಬೆರಳು ತೋರಿಸುತ್ತಾರೆ. ಆದರೆ ತಪ್ಪು ಶುರುವಾಗುವುದು ಅವನಿಗಿಂತ ಒಂದು ಹೆಜ್ಜೆ ಮುಂಚೆ. ನೋಡಲು ಬಂದವನಿಗೆ ನೋಡಿದ್ದಕ್ಕೆ ಯಾರೂ ಕಾಸು ಕೊಡುವುದಿಲ್ಲ. ಬಿಟ್ಟಿಯಾಗಿ ನೋಡುವವನು ಬಿಟ್ಟಿ ನೋಟವನ್ನೇ ನೋಡುತ್ತಾನೆ. ಜ್ವರ ಬಂದರೆ ಡಾಕ್ಟರ ಫೀಸು ಬೇರೆ, ಔಷಧಿ ದುಡ್ಡು ಬೇರೆ ಎಂದು ಒಪ್ಪುವ ಜನ, ಮರಕ್ಕೆ ಬಂದ ಕಾಯಿಲೆಗೆ ಮಾತ್ರ ಪರೀಕ್ಷೆಯೇ ಬೇಡ, ನೇರ ಪಾಲಿಶ್ ಸಾಕು ಎನ್ನುತ್ತಾರೆ.

ಈ ಮಾತು ಈಗಲೇ ಏಕೆ ಎಂಬುದಕ್ಕೆ ಕೃಷ್ಣರಾಜನಗರದ ಚರಿತ್ರೆಯಲ್ಲೇ ಕಾರಣ ಇದೆ. ಕಾವೇರಿ ದಂಡೆಯ ಎಡತೊರೆ ಹೊಳೆಯ ನೀರಿಗೆ ಮತ್ತೆ ಮತ್ತೆ ಸಿಕ್ಕಿ ನಲುಗಿದಾಗ, ಜನರನ್ನು ಮೇಲಿನ ನೆಲಕ್ಕೆ ತಂದು ಹೊಸ ಊರು ಕಟ್ಟಿದ್ದು 1920ರ ದಶಕದ ಕೊನೆಯ ವರ್ಷಗಳಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಅದಕ್ಕೆ ಬಂತು. ಅರ್ಕೇಶ್ವರ ದೇವಸ್ಥಾನ ಹೊಳೆಯ ಬಳಿಯೇ ಉಳಿಯಿತು, ಪೇಟೆ ಮಾತ್ರ ಮೇಲಕ್ಕೆ ಬಂತು. ಅಂದರೆ ಈ ಊರಿನ ಮೊದಲ ಸಾಲಿನ ಮನೆಗಳಿಗೆ, ಅವುಗಳ ಅಟ್ಟಕ್ಕೂ ಮಾಳಿಗೆಗೂ ಇಟ್ಟ ಮೆಟ್ಟಿಲುಗಳಿಗೆ, ಈಗ ನೂರರ ಆಸುಪಾಸು ವಯಸ್ಸು. ಮರ ಸಿಗುವುದು ಆಗ ಕಷ್ಟವಿರಲಿಲ್ಲ. ಹೆಗ್ಗಡದೇವನಕೋಟೆಯ ಕಾಕನಕೋಟೆ ಕಾಡು ಆನೆ ಖೆಡ್ಡಾಕ್ಕೆ ಹೆಸರಾದಷ್ಟೇ ತೇಗ, ಬೀಟೆ, ಮತ್ತಿ, ಹೊನ್ನೆಗಳಿಗೂ ಹೆಸರಾಗಿತ್ತು. ಹುಣಸೂರಿನಲ್ಲಿ 19ನೇ ಶತಮಾನದ ಮಧ್ಯದವರೆಗೆ ಮದ್ರಾಸ್ ಸೇನೆಯ ಸರಬರಾಜು ಇಲಾಖೆ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ನೇಯುವ ಜಾಗ, ಮರದ ಅಂಗಳ ಇಟ್ಟುಕೊಂಡಿತ್ತು. ಅದು ಎತ್ತಿಹೋದ ಮೇಲೂ ಆ ಊರಿನ ಗಟ್ಟಿಮುಟ್ಟು ಎತ್ತಿನ ಗಾಡಿಗಳಿಗೆ ಬೇಡಿಕೆ ತಪ್ಪಲಿಲ್ಲ. ಹಾಗೆ ಬಂದ ಒಳ್ಳೆಯ ಮರ ಇಷ್ಟು ವರ್ಷ ತಾಳಿದೆ. ಮುಂದೆ ತಾಳಬೇಕೋ ಬೇಡವೋ ಎಂಬುದು ಈಗ ರಿಪೇರಿಗೆ ಬರುವವನ ಕೈಯಲ್ಲಿದೆ.

ಹಾಗಾದರೆ ನೋಡುವುದು ಎಂದರೆ ಏನು? ಒಳ್ಳೆಯ ಆಚಾರಿ ಮೆಟ್ಟಿಲು ಹತ್ತುವುದೇ ಕೊನೆಗೆ. ಮೊದಲು ಟಾರ್ಚ್ ಕೇಳುತ್ತಾನೆ. ಮೆಟ್ಟಿಲ ಕೆಳಗಿನ ಕತ್ತಲೆ ಗೂಡಿನಲ್ಲಿ ಹಳೆಯ ಪಾತ್ರೆ, ತೆಂಗಿನಕಾಯಿ ರಾಶಿ, ಮುರಿದ ಸ್ಟೂಲು ಏನಿದೆಯೋ ಎಲ್ಲವನ್ನೂ ಹೊರಗೆ ಹಾಕಿಸಿ ಒಳಗೆ ತೂರುತ್ತಾನೆ. ಪಕ್ಕದ ಎರಡು ದಪ್ಪ ಹಲಗೆಗಳು ನೆಲಕ್ಕೆ ಊರಿದ ಜಾಗವೇ ಅವನ ಮೊದಲ ಗುರಿ. ಕೆಂಪು ಕಾವಿ ನೆಲವನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ, ಅದರ ತೇವ ಕುಡಿದು ಕುಡಿದು ಮರ ಕೊಳೆಯುವುದು ಅಲ್ಲಿಂದ. ಗೆದ್ದಲು ಹತ್ತುವುದೂ ಅಲ್ಲಿಂದಲೇ. ಆಚಾರಿ ತಿರುಪುಳಿಯ ತುದಿಯನ್ನು ಆ ಬುಡಕ್ಕೆ ಒತ್ತುತ್ತಾನೆ. ಗಟ್ಟಿ ಮರವಾದರೆ ತುದಿ ಜಾರುತ್ತದೆ. ಕೊಳೆತಿದ್ದರೆ ಬೆಣ್ಣೆಗೆ ಚಾಕು ಇಳಿದಂತೆ ಅರ್ಧ ಅಂಗುಲ ಇಳಿಯುತ್ತದೆ. ಆಮೇಲೆ ಉಳಿಯ ಹಿಡಿಯಿಂದ ಒಂದೊಂದೇ ಹಲಗೆಯನ್ನು ತಟ್ಟಿ ಕಿವಿಗೊಡುತ್ತಾನೆ. ಗೆದ್ದಲು ತಿಂದ ಹಲಗೆ ಹೊರಗಿನಿಂದ ನೆಟ್ಟಗಿದ್ದರೂ ಖಾಲಿ ಡಬ್ಬಿಯ ಸದ್ದು ಕೊಡುತ್ತದೆ.

ಕುಟ್ಟೆ ಹುಳುವಿನ ಕಥೆ ಬೇರೆ. ಅದು ಮಣ್ಣಿನ ಸುರಂಗ ಕಟ್ಟಿಕೊಂಡು ಬರುವುದಿಲ್ಲ, ಮರದೊಳಗೇ ಹುಟ್ಟಿ ಬೆಳೆದು ಸಣ್ಣ ದುಂಡು ತೂತು ಕೊರೆದು ಹೊರಬೀಳುತ್ತದೆ. ತೂತು ಕಂಡ ತಕ್ಷಣ ಹೆದರಬೇಕಿಲ್ಲ. ತೂತಿನ ಕೆಳಗೆ ಗೋಧಿ ಹಿಟ್ಟಿನಂಥ ಹೊಸ ಪುಡಿ ಬಿದ್ದಿದೆಯೇ ಎಂದು ನೋಡಬೇಕು. ಅಲ್ಲಿ ಕಪ್ಪು ಕಾಗದ ಹಾಸಿಟ್ಟು ವಾರ ಬಿಟ್ಟು ಬಂದರೆ ಸಾಕು. ಪುಡಿ ಬಿದ್ದಿದ್ದರೆ ಹುಳು ಇನ್ನೂ ಒಳಗಿದೆ, ಬೀಳದಿದ್ದರೆ ಅದು ಬಹುಶಃ ಎಂದೋ ಮುಗಿದ ಕಥೆ. ಈ ಒಂದು ವಾರ ಕಾಯುವ ವ್ಯವಧಾನ ಮದುವೆ ಮನೆಯಲ್ಲಿ ಯಾರಿಗೂ ಇರುವುದಿಲ್ಲ. ಹಾಗಾಗಿ ಫೆವಿಕಾಲ್‌ಗೆ ಮರದ ಪುಡಿ ಕಲಸಿ ತೂತು ಮುಚ್ಚಿ, ಉಪ್ಪು ಕಾಗದ ಉಜ್ಜಿ, ಮೇಲೆ ಬಣ್ಣದ ಪಾಲಿಶ್ ಬಳಿದುಬಿಡುತ್ತಾರೆ. ಮೇಲೆ ತಳುಕು ಒಳಗೆ ಹುಳುಕು ಎಂಬ ಗಾದೆ ಇದಕ್ಕಿಂತ ಅಕ್ಷರಶಃ ನಿಜವಾಗುವ ಜಾಗ ಇನ್ನೊಂದಿಲ್ಲ. ಮೊಳೆ ಕಿತ್ತ ಸಣ್ಣ ತೂತಿಗೆ ಆ ಕಲಸು ನಡೆಯುತ್ತದೆ, ತಪ್ಪಿಲ್ಲ. ತೂಕ ಹೊರುವ ಹಲಗೆಗೆ ಅದನ್ನು ಮೆತ್ತುವುದು ಮುರಿದ ಕಾಲಿಗೆ ಪೌಡರ್ ಹಚ್ಚಿದ ಹಾಗೆ.

ಕಿರ್ರೆನ್ನುವ ಸದ್ದಿಗೂ ಇದೇ ಗತಿ. ಸಡಿಲವಾದ ತುಳಿಹಲಗೆ ಪಕ್ಕದ ಹಲಗೆಯ ಕಚ್ಚಿನಲ್ಲಿ ತಿಕ್ಕಿದಾಗ ಬರುವ ಸದ್ದು ಅದು. ಮೇಲಿನಿಂದ ನಾಲ್ಕು ಮೊಳೆ ಹೊಡೆದರೆ ಎರಡು ತಿಂಗಳು ಸುಮ್ಮನಿರುತ್ತದೆ, ಆಮೇಲೆ ಮೊಳೆಯೇ ಮೇಲಕ್ಕೆದ್ದು ಕಾಲಿಗೆ ತಾಗುತ್ತದೆ. ಕೆಳಗಿನಿಂದ ಅಂಟು ಹಾಕಿ ಬೆಣೆ ಬಡಿದು, ಎದುರು ಹಲಗೆಗೆ ತಿರುಪು ಹಾಕಿದರೆ ವರ್ಷಗಟ್ಟಲೆ ಸದ್ದಿಲ್ಲ. ಎರಡಕ್ಕೂ ಬೇಕಾಗುವ ಸಾಮಾನಿನ ಖರ್ಚು ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಮೆಟ್ಟಿಲ ಕೆಳಗೆ ಬೆನ್ನು ಬಗ್ಗಿಸಿ ಕೂರುವ ಅರ್ಧ ದಿನ.

ಆ ಅರ್ಧ ದಿನದ ದುಡ್ಡು ಒಟ್ಟು ಗುತ್ತಿಗೆಯಲ್ಲಿ ಎಲ್ಲಿಂದಲೂ ಬರುವುದಿಲ್ಲ. ‘ಎಲ್ಲಾ ಸೇರಿ ಇಷ್ಟು’ ಎಂದು ಒಪ್ಪಿಕೊಂಡವನಿಗೆ ಒಳಗೆ ಕೊಳೆತದ್ದು ಕಂಡರೆ ನಷ್ಟ, ಕಾಣದಿದ್ದರೆ ಲಾಭ. ಕಾಣದಿರಲಿ ಎಂದು ಅವನು ಬಯಸಿದರೆ ಅದು ಅವನ ಗುಣದ ದೋಷ ಎನ್ನುವುದಕ್ಕಿಂತ ಲೆಕ್ಕದ ದೋಷ. ಮರಗೆಲಸ ಬೇರೆ ಕಸುಬು, ಪಾಲಿಶ್ ಬೇರೆ ಕಸುಬು ಎಂಬುದನ್ನೂ ಒಟ್ಟು ಗುತ್ತಿಗೆ ಮರೆಸಿಬಿಡುತ್ತದೆ. ಪಾಲಿಶ್‌ನವನಿಗೆ ಉಳಿ ಹಿಡಿಯಲು ಬರಬೇಕೆಂದಿಲ್ಲ, ಆಚಾರಿಗೆ ಬಣ್ಣ ಹೊಂದಿಸಲು ಬರಬೇಕೆಂದಿಲ್ಲ. ಇಬ್ಬರನ್ನೂ ಒಬ್ಬನೇ ಕರೆತಂದರೆ, ನಡುವೆ ಆಚಾರಿಯ ಕೂಲಿ ಮುರಿದು ಪಾಲಿಶ್‌ನ ಡಬ್ಬಕ್ಕೆ ಹೋಗುತ್ತದೆ, ಏಕೆಂದರೆ ಮನೆಯವರ ಕಣ್ಣಿಗೆ ಬೀಳುವುದು ಹೊಳಪು.

ದೊಡ್ಡವರ ಮನೆಯಲ್ಲೂ ಇದೇ ಪಾಠ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮಿ ವಿಲಾಸ ಅರಮನೆ 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ್ದು. ಕೆತ್ತನೆಯ ಬಾಗಿಲು, ಕಂಬ, ಮರದ ಕುಸುರಿಯಿಂದ ತುಂಬಿದ ಕಟ್ಟಡ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಅದರಲ್ಲಿದೆ. 2000ದ ದಶಕದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಕಟ್ಟಡಕ್ಕೆ ದೊಡ್ಡ ಮಟ್ಟದ ಜೀರ್ಣೋದ್ಧಾರ ನಡೆಯಿತು, ಜನ ಮೆಚ್ಚಿದರು. ಎರಡು ದಶಕ ತುಂಬುವಷ್ಟರಲ್ಲಿ ಮತ್ತೆ ಸೋರಿಕೆ, ಮತ್ತೆ ಬಿರುಕು, ಮತ್ತೆ ದುರಸ್ತಿಗೆ ದಾನಿಗಳ ಹುಡುಕಾಟ. ನಡುವಿನ ವರ್ಷಗಳಲ್ಲಿ ಚಾವಣಿ ಹತ್ತಿ ನೋಡುವ ದಿನನಿತ್ಯದ ಕೆಲಸ ನಡೆಯದಿದ್ದರೆ ಎಂಥ ಜೀರ್ಣೋದ್ಧಾರವೂ ಇಷ್ಟೇ. ದೇವರಾಜ ಮಾರುಕಟ್ಟೆಯದು ಇನ್ನೂ ಕಹಿ ಉದಾಹರಣೆ. 2016ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದದ್ದು ನವೀಕರಣದ ಕೆಲಸ ನಡೆಯುತ್ತಿದ್ದಾಗಲೇ.

ಇದಕ್ಕೆ ಎದುರಾಗಿ ನೋಡಬೇಕಾದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆ. ಮಲೆನಾಡಿನ ಮಳೆಯಲ್ಲಿ, ಮೂರು ಅಂತಸ್ತಿನ ಮರದ ಮನೆಯೊಂದು ಪ್ರವಾಸಿಗರ ಕಾಲ್ತುಳಿತ ತಡೆದುಕೊಂಡು ನಿಂತಿದೆ. ಕಂಬಗಳಲ್ಲಿ, ಉಪ್ಪರಿಗೆಯ ಹಲಗೆಗಳಲ್ಲಿ ಕನ್ನಡಿಯ ಹೊಳಪೇನೂ ಇಲ್ಲ. ಚಾವಣಿ ಸೋರುವುದಿಲ್ಲ, ಮರ ಉಸಿರಾಡುತ್ತದೆ, ನೋಡಿಕೊಳ್ಳಲು ಕುವೆಂಪು ಪ್ರತಿಷ್ಠಾನದ ಜನ ಇದ್ದಾರೆ. ಮರಕ್ಕೆ ಬೇಕಾದದ್ದು ಇಷ್ಟೇ.

ಹೊಳಪಿನ ವಿಷಯಕ್ಕೇ ಬರುವುದಾದರೆ, ಮೆಟ್ಟಿಲಿಗೆ ಹೊಳಪು ಬೇಕೇ ಎಂಬುದೇ ಮೊದಲ ಪ್ರಶ್ನೆ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆ ಉಂಡೆಯಲ್ಲಿ ಉಜ್ಜುವ ಹಳೆಯ ಫ್ರೆಂಚ್ ಪಾಲಿಶ್ ನೋಡಲು ಚೆಂದ, ಕೆಟ್ಟರೆ ಅಲ್ಲಲ್ಲೇ ಸರಿಮಾಡಬಹುದು. ಆದರೆ ನೀರು ಬಿದ್ದರೆ ಬಿಳಿ ಕಲೆ, ಕಾಲು ತಾಗುವ ಕಡೆ ವರ್ಷದೊಳಗೆ ಸವೆತ. ಹಾಗಾಗಿ ಅದು ಕೈ ಹಿಡಿಯುವ ಜಾಗಕ್ಕೆ ಸರಿ, ಕಾಲಿಡುವ ಜಾಗಕ್ಕಲ್ಲ. ಮೆಲಮೈನ್ ಅದಕ್ಕಿಂತ ಗಟ್ಟಿ. ಎರಡು ಡಬ್ಬ ಬೆರೆಸಿ ಹೊಡೆಯುವ ಪಿಯು, ಅಂದರೆ ಪಾಲಿಯುರೆಥೇನ್, ಇನ್ನೂ ಗಟ್ಟಿ. ಪಿಯು ಕೆಲವು ಗಂಟೆಯಲ್ಲಿ ಕೈಗೆ ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ಒಂದು ವಾರ ಹಿಡಿಯುತ್ತದೆ ಎಂಬುದನ್ನು ಗುತ್ತಿಗೆದಾರ ಹೇಳುವುದಿಲ್ಲ, ಮನೆಯವರೂ ಕೇಳುವುದಿಲ್ಲ. ಮೂರನೆಯ ದಿನವೇ ಅಕ್ಕಿ ಮೂಟೆ ಎಳೆದುಕೊಂಡು ಮೇಲೆ ಹೋಗುತ್ತಾರೆ. ಭತ್ತದ ಸೀಮೆಯಲ್ಲಿ ಅಟ್ಟಕ್ಕೆ ಹೋಗುವುದು ಮೂಟೆಯೇ ತಾನೆ. ತಿಳಿದ ಪಾಲಿಶ್‌ನವರು ಒಂದು ಬಿಟ್ಟು ಒಂದು ಮೆಟ್ಟಿಲಿಗೆ ಮೊದಲು ಹಚ್ಚಿ, ಅದು ಗಟ್ಟಿಯಾದ ಮೇಲೆ ಉಳಿದವಕ್ಕೆ ಕೈ ಹಾಕುತ್ತಾರೆ. ಮನೆಯವರು ಎರಡೆರಡು ಮೆಟ್ಟಿಲು ದಾಟಿ ಹತ್ತಬೇಕು, ಅಷ್ಟೆ. ಅಜ್ಜಿ ಮಾತ್ರ ಅಷ್ಟು ದಿನ ಕೆಳಗೇ ಮಲಗಬೇಕು.

ಮಿರಮಿರ ಮಿಂಚುವ ಮೆಟ್ಟಿಲು ಕಾಲು ಜಾರಿಸುವ ಮೆಟ್ಟಿಲು. ಕಾಲುಚೀಲ ಹಾಕಿದ ಮಗು, ತಲೆ ಒರೆಸುತ್ತ ಒದ್ದೆ ಕಾಲಲ್ಲಿ ಇಳಿಯುವವರು, ಕಣ್ಣು ಮಂಜಾದ ಹಿರಿಯರು, ಇವರೆಲ್ಲ ಇರುವ ಮನೆಯಲ್ಲಿ ಮಾಸಲು ಹೊಳಪಿನ, ಅಂದರೆ ಮ್ಯಾಟ್ ಪಾಲಿಶ್ ಕೇಳುವುದು ಜಾಣತನ. ಬೆಲೆಯಲ್ಲಿ ವ್ಯತ್ಯಾಸ ಅಷ್ಟಕ್ಕಷ್ಟೆ. ಆದರೂ ಪಟ್ಟಣದ ಅಂಗಡಿಗಳಲ್ಲಿ ಖರ್ಚಾಗುವುದು ಗ್ಲಾಸಿಯೇ, ಏಕೆಂದರೆ ನೆಂಟರು ಮೊದಲು ನೋಡುವುದು ಅದನ್ನೇ.

ಕಾಲಮಾನವನ್ನೂ ಜನ ಗಮನಿಸುವುದಿಲ್ಲ. ಗೌರಿ ಹಬ್ಬಕ್ಕೆ, ದಸರಾಕ್ಕೆ ಮನೆ ಹೊಳೆಯಬೇಕು ಎಂದು ಶ್ರಾವಣದಲ್ಲಿ ಕೆಲಸ ಶುರುಮಾಡುತ್ತಾರೆ. ಗಾಳಿಯಲ್ಲಿ ತೇವ ತುಂಬಿರುವ ಆ ದಿನಗಳಲ್ಲಿ ಅರಗಿನ ಪಾಲಿಶ್ ಬಿಳಿಚಿಕೊಂಡು ಹಾಲಿನ ಕೆನೆ ಕಟ್ಟಿದ ಹಾಗಾಗುತ್ತದೆ. ಕಬಿನಿ ಕಡೆಯ ಕಾಡಂಚಿನ ಊರುಗಳಲ್ಲಿ ಇದು ಇನ್ನೂ ಹೆಚ್ಚು. ಊದಿಕೊಂಡ ಮರವನ್ನು ಆಗ ಬಿಗಿಯಾಗಿ ಕೂರಿಸಿದರೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಶಿವರಾತ್ರಿ ಕಳೆದು ಮುಂಗಾರಿನ ಮೋಡ ಕಟ್ಟುವವರೆಗಿನ ಎರಡು ಮೂರು ತಿಂಗಳೇ ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ.

ಹಳೆಯ ಬಣ್ಣ ಕೆರೆಯುವ ಮುಂಚೆ ಒಂದು ಎಚ್ಚರಿಕೆ. ಮರದ ಕಟಕಟೆಗೆ ನಮ್ಮ ಕಡೆ ಹಸಿರು, ನೀಲಿ, ಕೆಂಗಂದು ಎನಾಮೆಲ್ ಬಳಿಯುತ್ತಿದ್ದುದು ತೀರಾ ಸಾಮಾನ್ಯ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90ನ್ನು ಮೀರಬಾರದು ಎಂಬ ನಿಯಮ ಭಾರತದಲ್ಲಿ ಬಂದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಿಂದ. ಅದಕ್ಕಿಂತ ಹಿಂದಿನ ಪದರಗಳಲ್ಲಿ ಎಷ್ಟು ಸೀಸ ಇದೆಯೋ ಬರಿಗಣ್ಣಿಗೆ ಗೊತ್ತಾಗದು. ಮೆಷಿನ್ ಹಚ್ಚಿ ಒಣಗಿನಲ್ಲೇ ಉಜ್ಜಿದರೆ ಆ ಪುಡಿ ತೊಟ್ಟಿಗೆ, ಅಡುಗೆಮನೆಗೆ, ಅಂಬೆಗಾಲಿಡುವ ಮಗುವಿನ ಅಂಗೈಗೆ ಹೋಗುತ್ತದೆ. ಅಮೆರಿಕದಲ್ಲಿ 1978ಕ್ಕಿಂತ ಮುಂಚಿನ ಮನೆಯ ಬಣ್ಣ ಕೆರೆಯಲು ಬರುವ ಗುತ್ತಿಗೆದಾರ ಸೀಸದ ಅಪಾಯದ ತರಬೇತಿ ಪಡೆದಿರಲೇಬೇಕು. ನ್ಯೂಜೆರ್ಸಿಯಲ್ಲಿ ಹಳೆಯ ಮನೆ ಕೊಂಡ ಕನ್ನಡದ ಕುಟುಂಬಗಳು, ಕೋಣೆಗೆ ಪ್ಲಾಸ್ಟಿಕ್ ಪರದೆ ಕಟ್ಟಿ ಮುಖಕ್ಕೆ ಮಾಸ್ಕ್ ಹಾಕಿ ಕೆಲಸ ಮಾಡುವವರನ್ನು ಕಂಡೇ ಇರುತ್ತವೆ. ನಮ್ಮಲ್ಲಿ ಹುಡುಗರು ಮುಖಕ್ಕೆ ಟವೆಲ್ ಸುತ್ತಿಕೊಳ್ಳುತ್ತಾರೆ. ಕನಿಷ್ಠ ಪಕ್ಷ ನೀರು ಚಿಮುಕಿಸಿ ಒದ್ದೆಯಾಗಿಸಿ ಕೆರೆಯಿರಿ, ಮಕ್ಕಳನ್ನು ಅಜ್ಜಿಯ ಊರಿಗೆ ಕಳಿಸಿರಿ ಎಂದಾದರೂ ಹೇಳಬಹುದು.

ಇನ್ನೊಂದು ಅಪಾಯ ಇದಕ್ಕಿಂತ ಸದ್ದಿಲ್ಲದ್ದು. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದು ಹೋದರೆ, ಎಣ್ಣೆ ಒಣಗುವಾಗ ಹುಟ್ಟುವ ಶಾಖ ಒಳಗೇ ಕೂಡಿ, ಯಾರೂ ಕಡ್ಡಿ ಗೀರದೆಯೇ ಬಟ್ಟೆ ಹೊತ್ತಿಕೊಳ್ಳಬಲ್ಲದು. ಅದನ್ನು ಬಿಡಿಸಿ ಹರಡಿ ಹೊರಗಿನ ಗಾಳಿಗೆ ಹಾಕಬೇಕು, ಇಲ್ಲವೇ ನೀರಲ್ಲಿ ಮುಳುಗಿಸಿಡಬೇಕು. ಮೆಟ್ಟಿಲ ಕೆಳಗಿನ ಗೂಡಿನಲ್ಲಂತೂ ಇಡಲೇಬಾರದು. 1897ರಲ್ಲಿ ಮದುವೆಯ ಸಂಭ್ರಮದ ನಡುವೆ ಮೈಸೂರಿನ ಮರದ ಅರಮನೆ ಸುಟ್ಟುಹೋದದ್ದು ಈ ಸೀಮೆಗೆಲ್ಲ ಗೊತ್ತಿರುವ ಕಥೆ. ಹೊಸ ಅರಮನೆಗೆ ಕಲ್ಲನ್ನೂ ಗ್ಲಾಸ್ಗೋದಿಂದ ತರಿಸಿದ ಎರಕದ ಕಬ್ಬಿಣದ ಕಂಬಗಳನ್ನೂ ನೆಚ್ಚಿಕೊಂಡದ್ದು ಆ ಭಯದ ನೆನಪಿನಲ್ಲೇ.

ಇನ್ನು ಕಟಕಟೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಯ ಮೆಟ್ಟಿಲಿನ ತುಳಿಯುವ ಅಗಲ 250 ಮಿ.ಮೀ.ಗೆ ಕಡಿಮೆ ಇರಬಾರದು, ಏರು 190 ಮಿ.ಮೀ. ಮೀರಬಾರದು. ನಮ್ಮ ಹಳೆಯ ಅಟ್ಟದ ಮೆಟ್ಟಿಲುಗಳು ಈ ಲೆಕ್ಕಕ್ಕೆ ಸಿಗುವಂಥವಲ್ಲ. ಎಷ್ಟೋ ಕಡೆ ಅವು ಏಣಿಗೂ ಮೆಟ್ಟಿಲಿಗೂ ನಡುವಿನ ಪ್ರಾಣಿ, ಹಿಂದಕ್ಕೆ ತಿರುಗಿ ಇಳಿಯಬೇಕಾದಷ್ಟು ಕಡಿದು. ಅದನ್ನು ಸರಿಮಾಡಲು ಇಡೀ ಮೆಟ್ಟಿಲನ್ನೇ ಬದಲಿಸಬೇಕು, ಜಾಗವಿರುವುದಿಲ್ಲ. ಆದ್ದರಿಂದಲೇ ಇಂಥ ಮೆಟ್ಟಿಲಿಗೆ ಕೈಹಿಡಿ ಗಟ್ಟಿಯಾಗಿರಬೇಕು. ಮೊದಲ ಕಂಬದ ಬುಡ ಅಲ್ಲಾಡಿದರೆ ಇಡೀ ಕಟಕಟೆ ಅಲ್ಲಾಡುತ್ತದೆ. ನಡುವಿನ ಕಡ್ಡಿಗಳಿಗೆಲ್ಲ ಹೊಸ ಪಾಲಿಶ್ ಹೊಡೆದು ಬುಡದ ಕಂಬವನ್ನು ಹಾಗೇ ಬಿಟ್ಟ ಮನೆಗಳು ಬೇಕಾದಷ್ಟಿವೆ. ಕಡ್ಡಿಗಳ ನಡುವಿನ ಸಂದನ್ನೂ ಅಳೆಯಬೇಕು. ಸುಮಾರು ನಾಲ್ಕು ಅಂಗುಲದ ಚೆಂಡು ತೂರಬಾರದು ಎಂಬುದು ಅಮೆರಿಕದ ಮನೆಗಳ ನಿಯಮ, ಲೆಕ್ಕ ಇರುವುದು ಮಗುವಿನ ತಲೆಗೆ. ನಮ್ಮಲ್ಲಿ ಮುರಿದ ಕಡ್ಡಿ ತೆಗೆದು ಆ ಜಾಗವನ್ನು ಹಲ್ಲು ಬಿದ್ದ ಬಾಯಿಯಂತೆ ವರ್ಷಾನುಗಟ್ಟಲೆ ಬಿಡುತ್ತಾರೆ. ಒಂದೇ ಕಡ್ಡಿಯನ್ನು ಲೇತ್‌ನಲ್ಲಿ ಹಳೆಯ ನಮೂನೆಗೆ ಕಡೆಸುವುದು ದುಬಾರಿ ಎಂಬುದು ನಿಜ, ಹತ್ತಕ್ಕಾಗುವ ಸಿದ್ಧತೆ ಒಂದಕ್ಕೂ ಆಗುತ್ತದೆ. ನಾಲ್ಕು ಮನೆಯವರು ಸೇರಿ ಕಡೆಸಿದರೆ ಸಲೀಸು.

ಎಲ್ಲವನ್ನೂ ಕಿತ್ತು ಸ್ಟೀಲ್ ರೇಲಿಂಗ್ ಹಾಕಿಸುವವರ ಬಗ್ಗೆ ಮೂಗು ಮುರಿಯಬೇಕಿಲ್ಲ. ಕಾಲು ನೋವಿನ ಹಿರಿಯರಿಗೆ ಅಲ್ಲಾಡುವ ಚೆಂದದ ಮರಕ್ಕಿಂತ ಅಲ್ಲಾಡದ ಕುರೂಪಿ ಉಕ್ಕೇ ವಾಸಿ. ಆದರೆ 304 ದರ್ಜೆ ಎಂದು ಹೇಳಿ 202 ಹಾಕಿಹೋಗುವುದು ಈ ವ್ಯಾಪಾರದ ಹಳೆಯ ಕೈಚಳಕ. ಮಳೆ ಬೀಳುವ ಕಡೆ ಅದು ಬೇಗ ತುಕ್ಕಿನ ಚುಕ್ಕೆ ತೋರಿಸುತ್ತದೆ.

ಮರ ಬದಲಿಸಬೇಕಾದಾಗ ಕೇಳಿಬರುವ ದೊಡ್ಡ ಮಾತು ‘ಬರ್ಮಾ ಟೀಕ್’. ಮ್ಯಾನ್ಮಾರ್ ದಿಮ್ಮಿಗಳ ರಫ್ತನ್ನು ನಿಷೇಧಿಸಿದ್ದು 2014ರ ಏಪ್ರಿಲ್ 1ರಿಂದ. ಆ ಮೇಲೂ ಪ್ರತಿ ಪೇಟೆಯಲ್ಲಿ ಬರ್ಮಾ ದಿಮ್ಮಿ ಸಿಗುತ್ತದೆ ಎಂದರೆ ಬಿಲ್ ಕೇಳುವುದು ಅಸಭ್ಯತೆಯಲ್ಲ. ಎಳೆಯ ತೋಟದ ತೇಗದಲ್ಲಿ ಹೊರಗಿನ ಬಿಳಿ ಭಾಗ ಹೆಚ್ಚು, ಕುಟ್ಟೆ ಹುಳುವಿಗೆ ಅದೇ ಮೃಷ್ಟಾನ್ನ. ಕಂದು ಪಾಲಿಶ್ ಬಿದ್ದ ಮೇಲೆ ಬಿಳಿ ಯಾವುದು, ಕೆಚ್ಚು ಯಾವುದು ಎಂದು ಹೇಳಲಾಗದು, ಹಾಗಾಗಿ ಬಣ್ಣ ಬೀಳುವ ಮುಂಚೆ ಮರ ನೋಡಬೇಕು. ಮೈಸೂರಿನಲ್ಲಿ ಕೆಡವಿದ ಮನೆಗಳ ಹಳೆಯ ತೊಲೆ, ಜಂತೆ ಮಾರುವವರ ಬಳಿ ಸಿಗುವ ಒಣಗಿದ ಮರ ಹಳೆಯ ಮೆಟ್ಟಿಲಿಗೆ ಎಲ್ಲ ಬಗೆಯಿಂದಲೂ ಹೊಂದುತ್ತದೆ. ಅನುಮಾನವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಚೂರೊಂದನ್ನು ಕೊಟ್ಟು ಯಾವ ಜಾತಿ ಎಂದು ಪರೀಕ್ಷೆ ಮಾಡಿಸಬಹುದು. ಸ್ವಂತ ಹೊಲದ ತೇಗವನ್ನೇ ಕಡಿಸಿ ಮೆಟ್ಟಿಲು ಮಾಡಿಸುತ್ತೇವೆ ಎನ್ನುವವರು ಅರಣ್ಯ ಇಲಾಖೆಯ ಅನುಮತಿ, ಸಾಗಣೆ ರಹದಾರಿ ಮರೆಯಬಾರದು. ನಾಗರಹೊಳೆಯ ಮಗ್ಗುಲಲ್ಲಿ ಕೂತು ಇದನ್ನು ಮರೆತರೆ ಮೆಟ್ಟಿಲಿಗಿಂತ ಮೊದಲು ಕಚೇರಿ ಹತ್ತಬೇಕಾಗುತ್ತದೆ.

ಲೆಕ್ಕಕ್ಕೆ ಬಂದರೆ ಜಗಳ ಹುಟ್ಟುವುದು ಅಳತೆಯಲ್ಲಿ. ಮೂರು ಅಡಿ ಅಗಲ, ಹತ್ತು ಅಂಗುಲ ತುಳಿತ, ಏಳು ಅಂಗುಲ ಏರಿನ, ಹದಿನಾಲ್ಕು ತುಳಿಹಲಗೆಯ ಮೆಟ್ಟಿಲು ಎಂದಿಟ್ಟುಕೊಂಡರೆ ತುಳಿಹಲಗೆಗಳು 35 ಚದರ ಅಡಿ, ಹದಿನೈದು ಎದುರು ಹಲಗೆಗಳು 26 ಚಿಲ್ಲರೆ, ಒಟ್ಟು 61 ಚದರ ಅಡಿ. ಕೆಳಭಾಗವನ್ನೂ ಸೇರಿಸಿ ಬಿಲ್ ಮಾಡಿದರೆ ಅದೇ ಮೆಟ್ಟಿಲು 122 ಆಗುತ್ತದೆ. ಕೆಳಗೆ ಪಾಲಿಶ್ ಬೇಕೇ ಎಂದು ಯಾರೂ ಮೊದಲು ಮಾತಾಡಿರುವುದಿಲ್ಲ. ಕಟಕಟೆಗೆ ಅಡಿ ಉದ್ದದ ಲೆಕ್ಕವೋ, ಕಡ್ಡಿಯೊಂದಕ್ಕೆ ಇಷ್ಟೆಂಬ ಲೆಕ್ಕವೋ ಎಂಬುದೂ ಹಾಗೇ ತೇಲುತ್ತಿರುತ್ತದೆ. ದಿಮ್ಮಿ ಕೊಂಡರೆ ಇನ್ನೊಂದು ಗಣಿತ. ಸುತ್ತಳತೆಯ ಕಾಲು ಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುವ ಹಳೆಯ ಪದ್ಧತಿಯಲ್ಲಿ 48 ಅಂಗುಲ ಸುತ್ತಿನ ಹತ್ತು ಅಡಿ ದಿಮ್ಮಿ 10 ಘನ ಅಡಿ. ನಿಜವಾದ ಗಾತ್ರ 12.7. ಆ ವ್ಯತ್ಯಾಸ ಗರಗಸದ ಹೊಟ್ಟಿಗೆ, ತೊಗಟೆಗೆ ಎಂದು ಬಿಟ್ಟದ್ದು. ಕೊಯ್ದ ಹಲಗೆಗೂ ದಿಮ್ಮಿಗೂ ಒಂದೇ ದರ ಹೇಳುವವರನ್ನು ನಂಬುವ ಮೊದಲು ಇದು ತಲೆಯಲ್ಲಿರಬೇಕು.

ಪರಿಹಾರ ದೊಡ್ಡದೇನಲ್ಲ, ಒಂದು ಚೀಟಿ. ಯಾವ ಹಲಗೆ ಬದಲಿಸುವುದು, ಯಾವ ಮರ, ಎಷ್ಟು ದಪ್ಪ, ಎಷ್ಟು ಕೋಟು, ಯಾವ ಪಾಲಿಶ್, ಬಿಚ್ಚಿದಾಗ ಒಳಗೆ ಇನ್ನಷ್ಟು ಕೊಳೆತದ್ದು ಕಂಡರೆ ಯಾವ ದರದಲ್ಲಿ ಮಾಡುವುದು ಎಂಬುದನ್ನು ಬರೆದು ಇಬ್ಬರೂ ರುಜು ಹಾಕುವುದು. ಈ ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ, ಕೊಳೆತದ್ದನ್ನು ಮುಚ್ಚಿಡುವ ಆಸೆಯನ್ನು ಅದು ಬುಡದಲ್ಲೇ ಕಡಿಯುತ್ತದೆ. ದುಡ್ಡನ್ನು ಅಚ್ಚಾರ, ಮರಗೆಲಸ ಮುಗಿದಾಗ, ಪಾಲಿಶ್ ಒಣಗಿದಾಗ ಎಂದು ಮೂರು ಕಂತು ಮಾಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಮನೆ ರಿಪೇರಿಯ ಗುತ್ತಿಗೆದಾರ ಒಪ್ಪಂದದ ಮೊತ್ತದ ಶೇ 10 ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ನಮ್ಮಲ್ಲಿ ಮನೆಯ ಮರಗೆಲಸಕ್ಕೆ ಪರವಾನಗಿಯೂ ಇಲ್ಲ, ಮುಂಗಡಕ್ಕೆ ಮಿತಿಯೂ ಇಲ್ಲ. ಅರ್ಧಕ್ಕರ್ಧ ಮೊದಲೇ ಕೊಟ್ಟು, ಆಮೇಲೆ ಫೋನ್ ಸ್ವಿಚ್ ಆಫ್ ಎಂದು ಗೋಳಾಡುತ್ತೇವೆ. ಕೆಲಸ ಕೆಟ್ಟರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಮೈಸೂರಿನ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವೂ ಇಲ್ಲ. ಆದರೆ ಕೈಯಲ್ಲಿ ಚೀಟಿ ಇರಬೇಕು.

ಆಚಾರಿಯ ಕಡೆಯಿಂದಲೂ ಒಂದು ಮಾತು ಹೇಳದಿದ್ದರೆ ಇದು ಏಕಪಕ್ಷೀಯವಾಗುತ್ತದೆ. ದುಡ್ಡು ಬಾಕಿ ಉಳಿಸಿಕೊಂಡು ಓಡಾಡಿಸುವ ಮನೆಯವರಿಗೇನೂ ಬರವಿಲ್ಲ. ಮಾತಿನ ಮೇಲೆ ನಡೆದ ಕೆಲಸದಲ್ಲಿ ‘ಅದೂ ಒಂದ್ಸಲ್ಪ ಮಾಡ್ಬಿಡಿ’ ಎಂದು ಬಾಗಿಲು, ಕಿಟಕಿ, ದೇವರ ಮನೆಯ ಪೀಠದವರೆಗೆ ಬಿಟ್ಟಿ ಮಾಡಿಸಿಕೊಳ್ಳುವುದೂ ಉಂಟು. ಚೀಟಿ ಅವರನ್ನೂ ಕಾಯುತ್ತದೆ. ಮೆಟ್ಟಿಲಿನ ಕೆಲಸದಲ್ಲಿ ಬಿದ್ದು ಪೆಟ್ಟಾಗುವುದು ಅವರಿಗೇ. ಹಿಂದಿನ ಒಂದು ವರ್ಷದಲ್ಲಿ 90 ದಿನ ದುಡಿದ ಮರಗೆಲಸದವರು, ಬಣ್ಣದವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡರೆ ಅಪಘಾತಕ್ಕೆ ಪರಿಹಾರ ಉಂಟು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯದೂ ಒಂದು. ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷದ ಸಾಲ. ಅಷ್ಟರಲ್ಲಿ ಹೊಸ ಮೆಷಿನ್ ಬರುತ್ತದೆ. ಹಳೆಯ ಮರವನ್ನು ತಟ್ಟಿ ಕಿವಿಗೊಡುವ ವಿದ್ಯೆ ಮಾತ್ರ ಯಾವ ತರಬೇತಿಯ ಪಟ್ಟಿಯಲ್ಲೂ ಇಲ್ಲ. ಅದು ಅಪ್ಪನಿಂದ ಮಗನಿಗೆ ಬಂದದ್ದು. ಅದಕ್ಕೆ ಯಾರೂ ಬೆಲೆ ಕಟ್ಟದ್ದರಿಂದ ಮಗ ಈಗ ಮೈಸೂರಿನ ಮಾಡ್ಯುಲರ್ ಕಿಚನ್ ಕಡೆ ಹೋಗಿ ಪ್ಲೈವುಡ್ ಕೊಯ್ಯುತ್ತಿದ್ದಾನೆ.

ಈ ಬೇಸಿಗೆಯಲ್ಲಿ ಮೆಟ್ಟಿಲು ನೋಡಲು ಬಂದ ಆಚಾರಿ ಮೇಲೆ ಹತ್ತುವ ಬದಲು ಕೆಳಗೆ ಬಗ್ಗಿ ಟಾರ್ಚ್ ಕೇಳಿದರೆ, ಅವನಿಗೆ ಟಾರ್ಚ್ ಕೊಡಿ, ಗೂಡಿನೊಳಗಿನ ತೆಂಗಿನಕಾಯಿ ನೀವೇ ಎತ್ತಿಡಿ, ಹೊರಡುವಾಗ ಕೆಲಸ ಅವನಿಗೇ ಒಪ್ಪಿಸಿ ಅಥವಾ ಬಿಡಿ, ಅರ್ಧ ದಿನದ ಕೂಲಿಯನ್ನಂತೂ ಕೈಯಲ್ಲಿಟ್ಟೇ ಕಳಿಸಿ.